ಒಂದು ಎಸೆತ ಬಾಕಿ

ಶಿಡ್ಲಘಟ್ಟ. ಸಂಜೆ ಪಾಳಿ.
ಹೆಂಗಸರ ವಿಶ್ವಕಪ್ಪು, ಇಪ್ಪತ್ತು ಓವರಿನ ಸೆಮಿಫೈನಲ್ಲು.
ಗೂಡಿನ ಕುಕ್ಕೆಗೆ ಫೋನು ಒರಗಿಸಿ
ಏಳು ಜನ ಬಿಚ್ಚಾಣಿಕೆಗೆ ಕೂತಿದ್ದೇವೆ.
ಬೇಸಿನ್ನಿನ ಹಬೆಗೆ ಮೈದಾನದ ತುಂಬ ಮಂಜು;
ಮುಬೀನಾ ದುಪ್ಪಟ್ಟದಲ್ಲಿ ಒರೆಸಿದರೆ
ಮತ್ತೆ ಹಸಿರು, ಮತ್ತೆ ನೀಲಿ ಅಂಗಿಯ ಹುಡುಗಿಯರು.

ನೋಡುವುದಕ್ಕೂ ಪುರುಸೊತ್ತು ಬೇಕಲ್ಲ.
ಎಳೆ ಹರಿದರೆ ತಲೆ ಬಗ್ಗಿಸಿ ತುದಿ ಹುಡುಕಬೇಕು,
ಅಷ್ಟರಲ್ಲಿ ವಿಕೆಟ್ಟು ಬಿದ್ದಿರುತ್ತದೆ.
ನಾವು ಕಂಡಿದ್ದೆಲ್ಲ ಎರಡನೇ ಸಲ ಬಿದ್ದ ವಿಕೆಟ್ಟುಗಳೇ.

ಕೊನೆಯ ಓವರಿಗೆ ಬಂದವಳು
ಚೆಂಡು ಒರೆಸಿದಳು, ಮತ್ತೆ ಒರೆಸಿದಳು,
ಬೆರಳು ಪ್ಯಾಂಟಿಗೆ ಉಜ್ಜಿದಳು.
"ಇಬ್ಬನಿ," ಅಂದಳು ಮುಬೀನಾ,
ಬಿಸಿನೀರಲ್ಲಿ ಬೆಂದು ಬಿಳಿಚಿದ ತನ್ನ ಬೆರಳು ಎತ್ತಿ,
"ಒದ್ದೆ ಕೈಯಲ್ಲಿ ಏನೂ ನಿಲ್ಲಲ್ಲ ಕಣಮ್ಮಾ,
ನಮ್ಮನ್ನ ಕೇಳಿದ್ರೆ ಹೇಳ್ತಿದ್ವಿ."

ಒಂದು ಎಸೆತ. ಅವರಿಗೆ ನಾಲ್ಕು ರನ್ನು ಬೇಕು.
ಡೇಟಾ ಮುಗಿಯಿತು.

ಗಂಡಸರ ಮ್ಯಾಚಾದರೆ ಬೀದಿಯೇ ಹೇಳುತ್ತಿತ್ತು:
ಪಟಾಕಿ, ಶಿಳ್ಳೆ, ಬೈಕಿನ ಹಾರನ್ನು.
ಇವತ್ತು ಬೀದಿಗೆ ಏನೂ ಗೊತ್ತಿಲ್ಲ.
ಟೀ ಅಂಗಡಿಯಲ್ಲಿ ಗೂಡಿನ ರೇಟಿನ ಮಾತು.
ಯಜಮಾನರನ್ನು ಕೇಳೋಣವೆಂದರೆ
ಫೋನು ನೋಡಿದ್ದಕ್ಕೇ ಮೊದಲು ಬೈಗುಳ.
ಏಳು ಚರಕ ತಿರುಗಿದವು,
ನೀರೊಳಗೆ ಗೂಡು ಕುಣಿದವು,
ಯಾರೂ ಮಾತಾಡಲಿಲ್ಲ.

ಆಮೇಲೆ ಗೋಡೆಯಾಚೆ,
ಅನ್ಸರ್ ಸಾಬರ ಕಾರ್ಖಾನೆಯಲ್ಲಿ,
ಯಾರೋ ಸೌಟಿನಿಂದ ಬೇಸಿನ್ನಿನ ಅಂಚಿಗೆ
ಟಣ್ ಎಂದು ಬಡಿದರು.
ಇನ್ನೊಂದು ಸೌಟು.
ಆಮೇಲೆ ಎಣಿಸಲಾಗಲಿಲ್ಲ.

ಮುಬೀನಾಳ ಎಳೆ ಹರಿಯಿತು.
ಅವಳು ತುದಿ ಹುಡುಕಲಿಲ್ಲ,
ಸೌಟು ಹುಡುಕಿದಳು.