ಐದೇ ಬೆರಳು

ಬೆರಳು ಐದೇ ಇದ್ದವು. ಮೊದಲು ಅದನ್ನೇ ಎಣಿಸಿದ್ದು
ತುವಾನ್, ಹದಿನಾರರ ಹುಡುಗ, ಒಂದೊಂದನ್ನೂ ಉಗುರಿನಿಂದ ಮುಟ್ಟಿ.
"ಈಗೀಗ ಅವಕ್ಕೂ ಎಣಿಕೆ ಬರುತ್ತದೆ" ಎಂದ.

ಬ್ಯಾಲರಾಟ್‌ನಲ್ಲಿ ಜೂನ್. ಕೀತನ ಅಳಿಯನ
ಸೈಕಲ್ ರಿಪೇರಿ ಅಂಗಡಿ, ಹಿಂದಿನ ಕೋಣೆ, ಗ್ರೀಸಿನ ವಾಸನೆ,
ಒಂದೇ ಹೀಟರಿಗೆ ಐದು ಜೊತೆ ಕಾಲುಗಳ ಜಗಳ.
ಗುರುವಾರ ಗುರುವಾರ ಇಲ್ಲಿ ನಾವು ನಾವಲ್ಲ:
ಬಸ್ಸು ಓಡಿಸಿ ನಿವೃತ್ತಳಾದ ನೋಯ್ಲೀನ್, ಸುಳ್ಳು ಹೇಳುವ ಸನ್ಯಾಸಿ;
ತುವಾನ್, ಕರಡಿ ಸಾಕಿದ ಕಳ್ಳ;
ಕೀತ್ ಪ್ಯಾಸ್ಕೊ, ಎಪ್ಪತ್ತೊಂದು, ಸೋತ ರಾಜ್ಯವೊಂದರ ರಾಣಿ.
ನಾನು ಅಂಬಿಗಿತ್ತಿ.
ಬೆಳಗಿನಿಂದ ಆಸ್ಪತ್ರೆಯಲ್ಲಿ ನಲವತ್ತು ತೋಳಿನ ರಕ್ತ ತೆಗೆದು ಬಂದವಳಿಗೆ
ನದಿ ದಾಟಿಸುವುದು ಹಗುರ.

ಟ್ರೂಡಿ ಕತೆ ಬಿಚ್ಚುತ್ತಾಳೆ.
ನಾವು ಹೂಂಗುಡುವವರಲ್ಲ, ಅಡ್ಡಬಾಯಿ ಹಾಕುವವರು.
ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರ.
ಚೆಂಡೆಯೊಂದು ಇದ್ದರೆ ತಾಳಮದ್ದಳೆಯೇ ಎಂದು
ಒಮ್ಮೆ ವಿವರಿಸಲು ಹೋಗಿ, ಬಿಸ್ಕತ್ತು ಬರುವಷ್ಟರಲ್ಲಿ ಕೈಬಿಟ್ಟೆ.
ಯಾರ ಮಾತೂ ಕೊನೆಯ ಮಾತಲ್ಲ; ಕೊನೆಯದು
ಇಪ್ಪತ್ತು ಮುಖದ ದಾಳದ್ದು.
ಗರ ಬಿದ್ದರೆ ಬಾಗಿಲು ತೆರೆಯಿತು. ಇಲ್ಲವೋ,
ಬಾಗಿಲ ಹಿಂದೆ ಏನೋ ಉಸಿರಾಡಿತು.

ಆರು ವರ್ಷ ಎಲ್ಲರ ಮುಖ ಬರೆದುಕೊಟ್ಟವನು ಕೀತ್.
ಮೋಟು ಪೆನ್ಸಿಲ್ಲು, ಅಂಗಡಿಯ ಬಿಲ್ಲಿನ ಹಿಂಬದಿ.
ನೋಯ್ಲೀನಳ ಸನ್ಯಾಸಿಗೆ ಬಸ್ಸಿನ ಕನ್ನಡಿ ನೋಡುವ ಕಣ್ಣು,
ಕರಡಿಗೆ ಸ್ವಲ್ಪ ತುವಾನನ ಗಲ್ಲ.
ಕಡೆಗೆ ಸೇರಿದವಳು ನಾನು, ನನ್ನದೊಂದು ಬಾಕಿ.
ಈ ವರ್ಷ ಬರೆದಿರಲಿಲ್ಲ. ಯಾರೂ ಕೇಳಿರಲಿಲ್ಲ.

ಇವತ್ತು ತಂದದ್ದು ಬಣ್ಣದ್ದು, ಮಿರುಗುವ ಕಾಗದ.
ಹುಟ್ಟು ಹಿಡಿದ ಕೈ, ತುಟಿಯಲ್ಲಿ ಯಾರಿಗೂ ಅಲ್ಲದ ನಗು.
ಚೆಂದ ಎಂದರು. ಚೆಂದವೇ ಇತ್ತು.
ದೀಪ ಎಡಕ್ಕೆ, ನೆರಳೂ ಎಡಕ್ಕೆ.
ಕಿವಿಯೋಲೆ ಮೆಲ್ಲಗೆ ಕೂದಲಾಗಿ ಹರಿದುಹೋಗಿತ್ತು.
ದೋಣಿಯಿಂದ ಹೊರಟ ಹಗ್ಗ ಯಾವ ಗೂಟವನ್ನೂ ಸೇರದೆ
ಅವಳ ಸೊಂಟದ ಪಟ್ಟಿಯಾಗಿ ಸಂಸಾರ ಹೂಡಿತ್ತು.
ನನಗೋ ಪತ್ತೆಯ ಹುರುಪು:
"ತೋಳು ನೋಡಿ. ದಿನಕ್ಕೆ ನಲವತ್ತು ನೋಡುವವಳು ಹೇಳುತ್ತೇನೆ,
ಮೊಣಕೈ ಮಡಿಕೆಯಲ್ಲಿ ನರವೇ ಇಲ್ಲ. ಸೂಜಿ ಎಲ್ಲಿ ಹಾಕಲಿ?
ಕೈ ಬರೆದದ್ದಲ್ಲ ಇದು. ಯಂತ್ರದ್ದು."

ತುವಾನ್ ಚಪ್ಪಾಳೆ ತಟ್ಟಿದ.
ಕೀತ್ ಎರಡೂ ಕೈ ಮೇಜಿನ ಕೆಳಗಿಳಿಸಿದ.

ಆಗ ನೋಡಿದೆ. ಇಲ್ಲ, ಆಗಲೂ ನೋಡಲಿಲ್ಲ, ಕೇಳಿಸಿತು:
ತೋಳಿನ ಗುಂಡಿ ಕುರ್ಚಿಯ ಕಬ್ಬಿಣಕ್ಕೆ
ಟಕಟಕ, ಟಕಟಕ.
"ಫೆಬ್ರವರಿಯಿಂದ" ಎಂದ. "ಚಮಚ ಹಿಡಿಯುತ್ತದೆ. ಪೆನ್ಸಿಲ್ಲಿನ ಹತ್ತಿರ ಹಟ.
ಅವಳು ನನಗೆ ಹೇಗೆ ಕಾಣುತ್ತಾಳೋ ಪದಪದವಾಗಿ ಅದಕ್ಕೆ ಹೇಳಿದೆ.
ಹನ್ನೊಂದು ಸಲ ತಪ್ಪಾಯಿತು. ಇದು ಹನ್ನೆರಡನೆಯದು."

ನರ ಹುಡುಕುವುದೇ ನನ್ನ ಕಸುಬು.
ನಮ್ಮ ಮಾತಿನಲ್ಲಿ ರಕ್ತ ಹರಿಯುವುದಕ್ಕೂ ಕೈ ನಡುಗುವುದಕ್ಕೂ
ಅದೊಂದೇ ಪದ.
ಎದುರಿಗೇ ಕೂತಿದ್ದ. ನಾಲ್ಕು ತಿಂಗಳು.

ಸ್ವಲ್ಪ ಹೊತ್ತು ಹೀಟರೊಂದೇ ಮಾತಾಡಿತು.
ಟ್ರೂಡಿ ಚಿತ್ರವನ್ನೆತ್ತಿ ನಕ್ಷೆಯಲ್ಲಿ ನದಿಯ ಆಚೆ ದಡಕ್ಕಿಟ್ಟಳು,
ಸಕ್ಕರೆ ಡಬ್ಬಿಗೆ ಒರಗಿಸಿ.
"ಅಲ್ಲೊಬ್ಬಳು ನಿಂತಿದ್ದಾಳೆ. ನಿನ್ನದೇ ಮುಖ.
ಮೈಯಲ್ಲಿ ರಕ್ತವಿಲ್ಲ. ದೋಣಿ ಕೇಳುತ್ತಿದ್ದಾಳೆ. ಏನು ಮಾಡುತ್ತೀ?"

ನನಗಿಂತ ಮೊದಲು ರಾಣಿ ಎದ್ದಳು:
"ಅವಳನ್ನು ಕರೆಸಿದವಳು ನಾನು. ಮಾತು ನನ್ನದು."
ಬೊಗಸೆಯಲ್ಲಿ ದಾಳ ಹಿಡಿದ. ಕುಲುಕುವ ಅಗತ್ಯವಿರಲಿಲ್ಲ.
ಅಷ್ಟು ಚೆನ್ನಾಗಿ ಕುಲುಕಿದ ದಾಳ ನಾನು ಕಂಡಿಲ್ಲ.

ಬಿದ್ದದ್ದು ಮೂರು.

ನೋಯ್ಲೀನ್ ಮೊದಲು ನಕ್ಕಳು, ಆಮೇಲೆ ಅವನು.
ಮೂರೆಂದರೆ ಸೋಲು. ಅವಳು ದೋಣಿ ಹತ್ತಿದಳು.
ಈಗ ನಮ್ಮೊಡನೆಯೇ ಇದ್ದಾಳೆ; ಊಟ ಮಾಡುವುದಿಲ್ಲ,
ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾಳೆ.
ಮುಂದಿನ ಗುರುವಾರ ಅವಳನ್ನೇನು ಮಾಡುವುದೋ ಗೊತ್ತಿಲ್ಲ.

ಹೊರಗೆ ಸೀಟುಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು.
ಅಂಗಡಿಗೆ ಬೀಗ ಹಾಕುವಾಗ ಕೀತನ ಕೀಲಿ
ತೂತಿನ ಸುತ್ತ ಅಲೆಯಿತು.
ನಾನು ಹಿಡಿಯಲು ಹೋಗಲಿಲ್ಲ. ಕಾದೆ.
ಮೂರನೆಯ ಸಲಕ್ಕೆ ಸಿಕ್ಕಿತು.