ಇಂಡೆಕ್ಸ್ ಟೂ

ಹದಿನೇಳು ವರ್ಷದಿಂದ ಬರೆಯುತ್ತಿರುವುದು ಇಷ್ಟೇ:
ಯಾರು, ಯಾವ ಮಹಡಿ, ಎಷ್ಟು ಚದರಡಿ,
ಅಡಿಗೆ ತಿಂಗಳ ಬಾಡಿಗೆ ಎಷ್ಟು,
ಎಷ್ಟು ವರ್ಷ ಬಿಟ್ಟು ಹೋಗುವಂತಿಲ್ಲ.
ಲೋವರ್ ಪರೇಲಿನಲ್ಲಿ ಬ್ಯಾಂಕು, ಅಂಧೇರಿಯಲ್ಲಿ ವಿಮೆ,
ಕುರ್ಲಾದ ಆಚೆ ಗಾಜಿನ ಗೋಪುರದ ಇಪ್ಪತ್ತಾರನೆಯ ಅಂತಸ್ತು
ಯಾರದೆಂದು ಯಾರೂ ಹೇಳದ ಕಂಪನಿಗೆ.
ಬರೀ ಸಿಮೆಂಟಿನ ಹಾಲಿನಲ್ಲಿ ಹಳದಿ ಟೊಪ್ಪಿ ಹಾಕಿಕೊಂಡು ನಿಂತರೆ
ದಲಾಲ ಕೇತನ್‌ಭಾಯಿ ಕೈ ಬೀಸಿ ನೋಟ ತೋರಿಸುತ್ತಾನೆ.
ನೋಟಕ್ಕೂ ದರವಿದೆ. ಸಮುದ್ರವಾದರೆ ಶೇಕಡಾ ಎಂಟು ಜಾಸ್ತಿ,
ಸ್ಮಶಾನ ಕಂಡರೆ ಕಿಟಕಿಗೆ ಪರದೆ ಉಚಿತ.

ಬರೆಯದೆ ಬಿಟ್ಟದ್ದು ನೋಟ್‌ಬುಕ್ಕಿನ ಹಿಂಬದಿಯಲ್ಲಿದೆ:
ವಡಾಲಾದಲ್ಲಿ ಅಡಿಪಾಯ ತೋಡುವಾಗ ಸಿಕ್ಕ ಉಪ್ಪಿನ ಪದರ,
ಬೆರಳಿಗೆ ಹಚ್ಚಿ ನೆಕ್ಕಿ ನೋಡಿದ ಕ್ರೇನ್ ಚಾಲಕ;
ಟೆಂಡರು ತೆರೆದ ದಿನ
ಮೂರು ಲಕೋಟೆಗೂ ಒಂದೇ ಗೋಂದಿನ ವಾಸನೆ.
'ಮೂಲ ಯಾರು?' ಎಂದು ಡೆಸ್ಕು ಕೇಳುತ್ತದೆ.
ಮೂಗು ಅನ್ನಲಾದೀತೆ?

ಅವ್ವ ಒಮ್ಮೆ ಕೇಳಿದ್ದಳು: 'ಕಾರ್ಪೆಟ್ ಏರಿಯಾ ಅಂದ್ರೇನ?'
ದಾದರ್ ಸ್ಟೇಷನ್ನಿನ ಸೇತುವೆ ಕೆಳಗೆ ಇಪ್ಪತ್ತೆರಡು ವರ್ಷ
ಮೊಳದ ಲೆಕ್ಕದಲ್ಲಿ ಮಲ್ಲಿಗೆ ಮಾರಿದವಳು.
ಗೋಡೆಯಿಂದ ಗೋಡೆಗೆ ಜಮಖಾನ ಹಾಸಲು ಬರುವಷ್ಟು, ಅಂದೆ.
'ಮತ್ತ ಬಿಲ್ಟಪ್ಪು?' ಗೋಡೆಯ ದಪ್ಪವೂ ಸೇರಿ.
'ಸೂಪರು?' ಮೆಟ್ಟಿಲು, ಮೊಗಸಾಲೆ, ಲಿಫ್ಟು,
ವಾಚ್‌ಮನ್ನನ ಸ್ಟೂಲಿನಡಿಯ ನೆಲ, ಎಲ್ಲ ಹಂಚಿ ಹಚ್ಚುತ್ತಾರೆ.
ಎಲೆಅಡಿಕೆಯ ಬಾಯಲ್ಲೇ ನಕ್ಕಳು:
'ಹಾಸಿಗೆ ಇದ್ದಷ್ಟ ಕಾಲ ಚಾಚಬೇಕಂತಿದ್ವಿ.
ಇವ್ರು ಮಗ್ಗಲದವನ ಕಾಲಿಗೂ ರೊಕ್ಕ ಕೇಳ್ತಾರಲ್ಲ.'

ಅವಳ ಕೈ ಗಿಡ್ಡ. ಮೊಳವೂ ಗಿಡ್ಡ.
ಅದು ಗೊತ್ತಿದ್ದೇ ಪ್ರತಿ ಮಾಲೆಗೂ ಒಂದು ಗೇಣು ಕೊಸರು ಬಿಡುತ್ತಿದ್ದಳು.
ಈ ಊರಿನ ಯಾವ ಕರಾರಿನಲ್ಲೂ
ಕೊಸರಿಗೊಂದು ಕಾಲಮ್ಮು ನಾನು ನೋಡಿಲ್ಲ.

ಮಂಗಳವಾರ ನೋಂದಣಿ ಕಚೇರಿಯ ಹಾಳೆಗಳು ಬಂದವು,
ಇಂಡೆಕ್ಸ್ ಟೂ, ಮರಾಠಿಯಲ್ಲಿ, ವಾರದ ಕಂತೆ.
ಚಹಾ ಆರಿಸಿಕೊಳ್ಳುತ್ತ ತಿರುವುತ್ತಿದ್ದೆ.
ಬಲ್ಲಾರ್ಡ್ ಎಸ್ಟೇಟ್. ತಳ ಅಂತಸ್ತು ಮತ್ತು ನಾಲ್ಕು.
ಕಲ್ಲು ಕಟ್ಟಡ. ಮಾರುವವರು...
ಹೆಸರು ಓದಿದೆ. ತಿಂಗಳ ಮೊದಲ ದಿನ
ನನ್ನ ಸಂಬಳದ ಚೀಟಿಯ ಮೇಲಿರುವ ಹೆಸರು.
ನಾಲ್ಕನೇ ಅಂತಸ್ತು, ಏಳು ಸಾವಿರದ ಇನ್ನೂರ ಹತ್ತು ಚದರಡಿ:
ಅದರೊಳಗೆ ಎಲ್ಲೋ ನನ್ನ ಕುರ್ಚಿ,
ಕುರ್ಚಿಯ ಮೇಲೆ ನಾನು, ಕೈಯಲ್ಲಿ ಹಾಳೆ.

ಸಂಪಾದಕಿ ಖೊರ್ಷೇದ್ ಕನ್ನಡಕ ಮೇಲೇರಿಸಿ ಎರಡು ಸಲ ಓದಿದರು.
'ನಿಜವೇ?'
ಮುದ್ರಾಂಕ ಶುಲ್ಕ ಕಟ್ಟಿದ್ದಾರೆ, ಅಂದೆ.
'ಹಾಗಾದರೆ ಮುನ್ನೂರು ಪದ. ಎಂದಿನ ಹಾಗೆ.'

ಎಂದಿನ ಹಾಗೆ ಪ್ರತಿಕ್ರಿಯೆ ಕೋರಿ ಮೇಲ್ ಕಳಿಸಿದೆ,
ನಾಲ್ಕರಿಂದ ಮೂರಕ್ಕೆ.
ಕೆಳಗೆ ಕುರ್ಚಿ ಎಳೆದ ಸದ್ದು. ಯಾರೋ ಬಾಗಿಲು ಹಾಕಿಕೊಂಡರು.
'ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಕಂಪನಿ ಉತ್ತರಿಸಿರಲಿಲ್ಲ.'
ಸಾವಿರ ಸಲ ಬರೆದ ವಾಕ್ಯ.
ಇವತ್ತು ಕಾಗುಣಿತ ತಪ್ಪಿತು.

ರಾತ್ರಿ ಪುಟ ಹೋದ ಮೇಲೆ, ಯಾರೂ ಇಲ್ಲದಾಗ,
ಕಿಟಕಿಯಿಂದ ಕಂಬದವರೆಗೆ ಮೇಜುಗಳ ಅಂಚಿಗೆ
ಮೊಣಕೈ ಊರಿ ಊರಿ ಅಳೆದೆ.
ಮೂವತ್ತೊಂದು ಮೊಳ.
ನನ್ನ ಕೈಯೂ ಗಿಡ್ಡ.

ಲಿಫ್ಟಿನ ಸಾವ್ಳಾರಾಮ ಜಾಲರಿ ಬಾಗಿಲು ಎಳೆದ.
ಅವನಿಗಾಗಲೇ ಗೊತ್ತು; ಈ ಕಟ್ಟಡದಲ್ಲಿ
ಸುದ್ದಿ ಹತ್ತಿ ಇಳಿಯುವುದು ಅವನ ಕೈಯಲ್ಲೇ.
'ಎಷ್ಟಕ್ಕೆ ಹೋಯಿತು ಮ್ಯಾಡಮ್?' ಹೇಳಿದೆ.
ಮೂರು ಅಂತಸ್ತು ಇಳಿಯುವವರೆಗೆ ಸುಮ್ಮನಿದ್ದ.
'ಲಿಫ್ಟು ಸೇರಿಯೋ, ಬಿಟ್ಟೋ?'
ಸೇರಿ.
'ಸ್ಟೂಲು ನಂದು,' ಅಂದ. 'ಚೋರ್ ಬಜಾರಿನಿಂದ ತಂದದ್ದು.'

ಲಿಫ್ಟು ಎಂದಿನಂತೆ ನೆಲಕ್ಕಿಂತ ಒಂದು ಗೇಣು ಕೆಳಗೆ ನಿಂತಿತು.
ಕಾಲೆತ್ತಿ ಹೊರಗೆ ಬಂದೆ.