ಮೂವತ್ತೇಳು ಡಿಗ್ರಿ

ಮೊದಲು ನಲ್ಲಿಯ ಬಾಯಿಗೆ ಬೆಂಕಿ ಇಡಬೇಕು.
ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ, ಚಿಮಟ, ಒಂದು ಕಡ್ಡಿ;
ನೀಲಿ ನಾಲಿಗೆ ಹಿತ್ತಾಳೆಯ ತುಟಿ ಸವರಿ
ಮುಟ್ಟಿದವರ ಗುರುತೆಲ್ಲ ಸುಟ್ಟ ಮೇಲೆ
ಎರಡು ನಿಮಿಷ ಹಾಗೇ ಹರಿಯಬಿಟ್ಟು
ಆಮೇಲೆ ಹಿಡಿದ ನೀರು ಮಾತ್ರ ಸಾಕ್ಷಿ.

ಗಲ್ಲಿಯ ಹುಡುಗರಿಗೆ ಪ್ರತಿ ಸಲವೂ ನಗು:
ಪಾಲಿಕೆಯವಳು ನಲ್ಲಿಗೆ ಬೀಡಿ ಹಚ್ಚಿದಳು!

ವಡಾಳಾದ ಈ ಬದಿಗೆ ನೀರು
ಹನ್ನೊಂದೂ ನಲವತ್ತಕ್ಕೆ, ಐವತ್ತು ನಿಮಿಷ.
ಎಲ್ಲೋ ಒಬ್ಬ ಉದ್ದನೆಯ ಕಬ್ಬಿಣದ ಚಾವಿ ತಿರುಗಿಸಿದರೆ
ಇಲ್ಲಿ ಮೊದಲು ಬರುವುದು ಗಾಳಿ, ಒಣ ಕೆಮ್ಮು,
ಆಮೇಲೆ ಚಹದ ಬಣ್ಣದ ಒಂದು ಉಗುಳು,
ಆಮೇಲೆ ಬಂತು ಬಂತು ಎನ್ನುವ ಕೂಗು,
ಕೊಡ, ಡ್ರಮ್ಮು, ಎಣ್ಣೆಯ ಡಬ್ಬ.

ನೂರು ಕಿಲೋಮೀಟರು ಆಚೆ ಕಾಡಿನ ಕೆರೆ ಬಿಟ್ಟಾಗ ಇದು ನೀರು.
ಭಾಂಡುಪದಲ್ಲಿ ಸೋಸಿ ಔಷಧಿ ಹಾಕಿದಾಗಲೂ ನೀರೇ,
ಆ ಕಾಗದಕ್ಕೆ ನಾನೇ ಸಹಿ ಹಾಕಿದ್ದೇನೆ.
ಕೊನೆಯ ಮುನ್ನೂರು ಅಡಿ,
ಮೋರಿಯೊಳಗೇ ಮಲಗಿದ ಬೆರಳು ಗಾತ್ರದ ಪೈಪು,
ಉಳಿದ ಇಪ್ಪತ್ತಮೂರು ಗಂಟೆ ಖಾಲಿ ಹೊಟ್ಟೆಯಲ್ಲಿ
ಏನು ಸಿಕ್ಕರೆ ಅದನ್ನು ಹೀರುತ್ತದೆ.

ಗಾಜಿನ ನಳಿಕೆಗೆ ಗುಳಿಗೆ ಹಾಕಿ ಕುಲುಕಿದೆ.
ಗುಲಾಬಿ ಬರಬೇಕು. ಬರಲಿಲ್ಲ.
ಬಿಸಿಲಿಗೆ ಹಿಡಿದೆ. ಎಷ್ಟು ತಿಳಿ ಎಂದರೆ
ಆಚೆ ಬದಿಯ ನನ್ನ ಬೆರಳ ಗೆರೆ ಎಣಿಸಬಹುದಿತ್ತು.

ಐಸ್ ಪೆಟ್ಟಿಗೆ ತಾ ಎಂದು ತಾಂಡೇಲನಿಗೆ ಮರಾಠಿಯಲ್ಲಿ ಕೂಗಿ
ಬಾಟಲಿಗಳನ್ನು ನನ್ನಷ್ಟಕ್ಕೆ ಎಣಿಸಿಕೊಂಡೆ:
ಒಂದು, ಎರಡು, ಮೂರು.
ದುಂಡವ್ವನ ಕಿವಿಗೆ ಅದು ಬಿತ್ತು.
"ಯಾವೂರಿನ್ರೀ ಅಕ್ಕಾರ?"
ಹುಟ್ಟಿದ್ದು ಇಲ್ಲೇ, ಮಾಟುಂಗಾದಲ್ಲಿ, ಎಂದೆ.
"ಆದ್ರೇನಾತು, ನಮ್ಮ ಮಾತು ಐತಲ್ಲ. ಬರ್ರಿ ಒಳಗ,
ಬಿಸಲಾಗ ಬಂದೀರಿ."

ಸ್ಟೀಲು ತಟ್ಟೆ. ಬೆಲ್ಲದ ತುಣುಕು. ತುಂಬಿದ ಲೋಟ.
ಅಂಚಿನಲ್ಲಿ ಒಂದು ಹನಿ ಬೀಳಲೋ ಬೇಡವೋ ಎಂದು ನಿಂತಿತ್ತು.

ಬೇಡ ಎನ್ನುವುದನ್ನು ನಾನು
ಮರಾಠಿಯಲ್ಲಿ ಮಾತ್ರ ಕಲಿತಿದ್ದೆ.
ಕುಡಿದೆ. ಬೆಲ್ಲದ ಮೇಲೆ ಸಿಹಿಯೇ ಇತ್ತು.
ಆಮೇಲೆ, ಕಳ್ಳಿಯ ಹಾಗೆ: ಕುದಿಸಿ ಕುಡಿಯಿರಿ.
"ಒಂದ ಸಿಲಿಂಡರ ಎರಡ ತಿಂಗಳ ಬರಬೇಕ್ರೀ.
ಅನ್ನ ಕುದಿಸ್ಲೋ, ನೀರ ಕುದಿಸ್ಲೋ?"

ಪ್ರಯೋಗಾಲಯದ ಪೆಟ್ಟಿಗೆಯೊಳಗೆ ಅವಳ ನೀರು,
ಮೂವತ್ತೇಳು ಡಿಗ್ರಿಯಲ್ಲಿ.
ನನ್ನೊಳಗೆ ಅವಳ ನೀರು,
ಅಲ್ಲೂ ಮೂವತ್ತೇಳೇ.
ನಲವತ್ತೆಂಟು ಗಂಟೆ ಕಾದೆವು, ಗಾಜೂ ನಾನೂ.

ನೇರಳೆ ರಸ ಹಳದಿಗೆ ತಿರುಗಿತು.
ತಲೆಕೆಳಗಾಗಿ ನಿಂತ ಪುಟ್ಟ ನಳಿಕೆಯಲ್ಲಿ ಗುಳ್ಳೆ,
ಐದರಲ್ಲಿ ನಾಲ್ಕಕ್ಕೆ.
ನನಗೇನೂ ಆಗಲಿಲ್ಲ.
ಮಜ್ಜಿಗೆ ಅನ್ನ ಉಂಡು ಚೆನ್ನಾಗಿ ನಿದ್ದೆ ಹೋಗಿದ್ದೆ.
ಇದನ್ನು ಯಾರ ಮುಂದೆ ಹೇಳಿಕೊಳ್ಳಲಿ?
ಕೆಂಪು ಮುದ್ರೆ ಒತ್ತಿದೆ: ಕುಡಿಯಲು ಅಯೋಗ್ಯ.
ಮರಾಠಿಯಲ್ಲಿ ಅದು ಬರೀ ಷರಾ.
ಕನ್ನಡದಲ್ಲಿ ಬೈಗುಳ.
ಯಾರನ್ನು ಬೈದೆನೋ ತಿಳಿಯದೆ ಇನ್ನೊಮ್ಮೆ ಒತ್ತಿದೆ.

ಹನ್ನೊಂದು ದಿನಕ್ಕೆ ಬಂದು ಅಗೆದರಂತೆ,
ಒಂದು ತುಂಡು ಹೊಸ ಪೈಪು, ಅದೇ ಮೋರಿಯಲ್ಲಿ.
ಮರುಪರೀಕ್ಷೆಗೆ ಮತ್ತೆ ನಾನೇ,
ಅದೇ ಹತ್ತಿ, ಅದೇ ಕಡ್ಡಿ, ಅದೇ ಬೀಡಿಯ ನಗೆ.
ಗುಳಿಗೆ ಹಾಕಿದರೆ ಈ ಸಲ
ಇತ್ತೋ ಇಲ್ಲವೋ ಎನ್ನುವಷ್ಟು ಗುಲಾಬಿ.

ದುಂಡವ್ವ ಬಾಗಿಲಲ್ಲೇ ಕಾದಿದ್ದಳು. ತಟ್ಟೆ, ಬೆಲ್ಲ.
ಲೋಟ ಮುಟ್ಟಿದರೆ ಬೆಚ್ಚಗೆ.
"ನಿಮಗಂತನ ಕುದಿಸೀನ್ರೀ."

ಅವಳ ಹಿಂದೆ, ಕತ್ತಲಲ್ಲಿ,
ಮೊಮ್ಮಗಳು ತುದಿಗಾಲಲ್ಲಿ ನಿಂತು
ನೀಲಿ ಡ್ರಮ್ಮಿಗೆ ಮೊಣಕೈವರೆಗೂ ಕೈ ಹಾಕಿ
ತನ್ನ ಲೋಟ ತುಂಬಿಕೊಳ್ಳುತ್ತಿತ್ತು.